ಧಣಿಯ ಪುಸ್ತಕ, ನಮ್ಮ ಪುಸ್ತಕ

ಕಳೆದ ಮಳೆಗಾಲದ ಒಂದು ಸಂಜೆ. ವಾಚನಾಲಯದಲ್ಲಿ ಪತ್ರಿಕೆಗಳನ್ನು ಮಡಚಿಟ್ಟು ಇನ್ನು ಬಾಗಿಲು ಹಾಕುವ ಅಂತ ಹೊರಟಿದ್ದೆ. ಆಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದಳು. ಹಿಂದಿನಿಂದ ಕೊಡೆ ಹಿಡಿದುಕೊಂಡು ಅವಳ ಅಮ್ಮ. "ಮಾಷ್ಟ್ರೇ, ಮನೆಯಲ್ಲಿ ಬೆಳಿಗ್ಗೆಯಿಂದ ಕರೆಂಟಿಲ್ಲ. ಅರ್ಧ ಗಂಟೆ ಇಲ್ಲಿ ಕೂತುಕೊಳ್ಳಬಹುದಾ?" ಎಂದಳು. ಕೂತುಕೋ ಎಂದೆ.

ಈ ಹುಡುಗಿಗೆ ಕಚೇರಿ ಇಲ್ಲ, ತಿಂಗಳ ಸಂಬಳ ಇಲ್ಲ, ಆದರೆ ಕೆಲಸ ಉಂಟು. ಇಂಗ್ಲಿಷಿನಿಂದ ಕನ್ನಡಕ್ಕೆ, ಮಲಯಾಳದಿಂದ ಕನ್ನಡಕ್ಕೆ ಅನುವಾದ ಮಾಡಿಕೊಡುತ್ತಾಳೆ. ಬೆಂಗಳೂರಿನ ಒಂದು ಕಂಪೆನಿ, ಕೊಲ್ಲಿ ದೇಶದ್ದು ಒಂದು, ಯುರೋಪಿನದು ಮತ್ತೊಂದು. ಶಬ್ದಕ್ಕೆ ಇಷ್ಟು ಎಂದು ಲೆಕ್ಕ. ಆ ದಿನ ಮಾತ್ರ ಅವಳ ಮುಖ ಸಪ್ಪಗಿತ್ತು. ಒಂದು ದೊಡ್ಡ ಕೆಲಸ ಮುಗಿಸಿ ಕಳುಹಿಸಿ ತಿಂಗಳಾಗಿತ್ತು, ಹಣ ಬಂದಿರಲಿಲ್ಲ. ಕೇಳಿದರೆ ಬಂದ ಉತ್ತರ ಇಷ್ಟೇ: ನಮ್ಮ ಬೋರ್ಡಿನಲ್ಲಿ ನಿಮ್ಮ ಕೆಲಸ ಇನ್ನೂ 'ನಡೆಯುತ್ತಿದೆ' ಎಂದೇ ಉಂಟು.

ಸಂಗತಿ ಏನೆಂದರೆ, ಇವಳು ಕೆಲಸವನ್ನು ಮಿಂಚಂಚೆಯಲ್ಲಿ ಕಳುಹಿಸಿದ್ದಳು. ಆ ಕಂಪೆನಿಯವರು ಕೆಲಸದ ಲೆಕ್ಕ ಇಡುವುದು ಒಂದು ಸಾಫ್ಟ್‌ವೇರಿನಲ್ಲಿ. ಅದರಲ್ಲಿ ಪ್ರತಿ ಕೆಲಸಕ್ಕೂ ಒಂದು ಚೀಟಿ. ಮುಗಿದ ಮೇಲೆ ಆ ಚೀಟಿಯನ್ನು ಎಳೆದು 'ಪರಿಶೀಲನೆಗೆ' ಎಂಬ ಸಾಲಿಗೆ ಹಾಕಬೇಕಿತ್ತು. ಹಾಕಿದರೆ ಮಾತ್ರ ಮುಂದಿನವರಿಗೆ ಕಾಣುವುದು, ಆಮೇಲೆ ಹಣದ ಲೆಕ್ಕ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಕೊಡೆ ಮಡಚುತ್ತಾ ಅವಳ ಅಮ್ಮ ಹೇಳಿದ ಮಾತೇ ಈ ಲೇಖನಕ್ಕೆ ಕಾರಣ. "ಅದನ್ನೇ ಅಲ್ವಾ ಮಾಷ್ಟ್ರೇ ನಾನು ಇವಳಿಗೆ ಹೇಳುವುದು. ಬೀಡಿ ಕಟ್ಟಿದರೆ ಆಗ್ಲಿಲ್ಲ, ಪುಸ್ತಕಕ್ಕೆ ಹತ್ತಬೇಕು."

ಯೋಚಿಸಿ ನೋಡಿದರೆ ಅಮ್ಮನ ಕೆಲಸಕ್ಕೂ ಮಗಳ ಕೆಲಸಕ್ಕೂ ನಡುವೆ ಅಂಥ ದೂರವೇನೂ ಇಲ್ಲ. ಇಬ್ಬರೂ ಮನೆಯಲ್ಲೇ ಕೂತು ಮಾಡುವವರು. ಇಬ್ಬರಿಗೂ ಕೆಲಸ ಕೊಡುವವರು ಕಣ್ಣಿಗೆ ಕಾಣದಷ್ಟು ದೂರ. ಇಬ್ಬರ ದುಡ್ಡೂ ಮತ್ತೊಬ್ಬರ ಪುಸ್ತಕದಲ್ಲಿ ಬಿದ್ದ ಗುರುತಿನ ಮೇಲೆ ನಿಂತಿದೆ. ಆ ಪುಸ್ತಕ ಎಲ್ಲಿಂದ ಬಂತು, ಹೇಗೆ ಬೆಳೆಯಿತು, ಅದನ್ನು ಓದಲು ಕಲಿತವರಿಗೆ ಏನು ಸಿಕ್ಕಿತು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೀಡಿಯ ಪುಸ್ತಕ

ನಮ್ಮ ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಗಡಿ ಬಂದರೂ ಬೀಡಿಯ ದಾರಿ ಕಡಿಯಲಿಲ್ಲ. ಧಣಿಗಳು ಮಂಗಳೂರಿನಲ್ಲಿ, ಕೆಲಸದವರು ನಮ್ಮ ಹಳ್ಳಿಗಳಲ್ಲಿ, ನಡುವೆ ಬ್ರಾಂಚು ಮತ್ತು ಕಂಟ್ರಾಕ್ಟುದಾರ. ಎಲೆಯನ್ನೂ ಹೊಗೆಸೊಪ್ಪನ್ನೂ ತೂಗಿ ಕೊಡುವುದು. ಮನೆಗೆ ತಂದು ಎಲೆ ನೆನೆಸಿ, ಕತ್ತರಿಸಿ, ಸುತ್ತಿ, ನೂಲು ಕಟ್ಟಿ, ಇಪ್ಪತ್ತೈದರ ಕಟ್ಟು ಮಾಡಿ ತಿರುಗಿ ಕೊಂಡುಹೋಗುವುದು. ಸಾವಿರಕ್ಕೆ ಇಷ್ಟು ಎಂದು ಮಜೂರಿ.

ಬ್ರಾಂಚಿನ ಮೇಜಿನ ಮುಂದೆ ನಿಂತವರಿಗೆ ಗೊತ್ತು, ಅಸಲು ಕೆಲಸ ಅಲ್ಲಿಂದಲೇ ಶುರು. ಚೆಕ್ಕರ್ ಕಟ್ಟು ಬಿಚ್ಚಿ ನೋಡುತ್ತಾನೆ. ಸರಿ ಇಲ್ಲದ್ದನ್ನು ಬದಿಗೆ ಹಾಕುತ್ತಾನೆ. ಬದಿಗೆ ಹಾಕಿದ ಬೀಡಿಗೆ ಮಜೂರಿ ಇಲ್ಲ, ಅದನ್ನು ತಿರುಗಿ ಕೊಡದ ಕಡೆಗಳೂ ಇದ್ದವು. ಉಳಿದದ್ದು ಪುಸ್ತಕಕ್ಕೆ ಹತ್ತುತ್ತದೆ: ತಾರೀಕು, ಕೊಟ್ಟ ಎಲೆ, ಕೊಟ್ಟ ಸೊಪ್ಪು, ಬಂದ ಬೀಡಿ, ತೆಗೆದ ಬೀಡಿ. ಒಂದು ಪುಸ್ತಕ ಬ್ರಾಂಚಿನಲ್ಲಿ, ಒಂದು ಕಟ್ಟುವವಳ ಕೈಯಲ್ಲಿ. ಎರಡರ ಅಂಕೆಯೂ ಒಂದೇ ಇದ್ದರೆ ನೆಮ್ಮದಿ.

ಈ ಪುಸ್ತಕಕ್ಕೆ ಬೆಲೆ ಬಂದದ್ದು ಸುಮ್ಮನೆ ಅಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಬಂತು. ಧಣಿಯಿಂದ ಅಥವಾ ಕಂಟ್ರಾಕ್ಟುದಾರನಿಂದ ಸಾಮಾನು ಪಡೆದು ಮನೆಯಲ್ಲಿ ಬೀಡಿ ಕಟ್ಟುವವರೂ ಕೆಲಸಗಾರರೇ ಎಂದು ಕಾನೂನು ಅದರಲ್ಲಿ ಒಪ್ಪಿಕೊಂಡಿತು. ಅಲ್ಲಿವರೆಗೆ ಮನೆಯ ಜಗಲಿಯಲ್ಲಿ ಕೂತವಳು ಯಾರ ಲೆಕ್ಕದಲ್ಲೂ ಇರಲಿಲ್ಲ. ಇನ್ನು ಮೇಲೆ ಅವಳು ತನ್ನ ಕೆಲಸವನ್ನು ಸಾಬೀತು ಮಾಡಬೇಕಾದರೆ ಕೈಯಲ್ಲಿದ್ದ ಆ ಸಣ್ಣ ಪುಸ್ತಕವೇ ಸಾಕ್ಷಿ.

ತೆಂಕಲಾಗಿ ಕಣ್ಣೂರಿನ ಕಡೆ ಈ ಕಾಯ್ದೆ ದೊಡ್ಡ ಗಲಾಟೆಗೇ ಕಾರಣವಾಯಿತು. ಖರ್ಚು ಹೆಚ್ಚಾಗುತ್ತದೆ ಎಂದು ಮಂಗಳೂರಿನ ದೊಡ್ಡ ಧಣಿಗಳು 1968ರಲ್ಲಿ ಅಲ್ಲಿನ ಕೆಲಸ ನಿಲ್ಲಿಸಿದರು. ಸಾವಿರಾರು ಮಂದಿಯ ಅನ್ನ ಹೋಯಿತು. ಆ ಕೆಲಸಗಾರರೇ ಒಟ್ಟು ಸೇರಿ, ಸರಕಾರದ ಸಹಾಯ ಪಡೆದು, 1969ರಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಕಟ್ಟುವವರೇ ಧಣಿಗಳು, ಪುಸ್ತಕವೂ ಅವರದೇ. ಬೀಡಿಯ ವ್ಯಾಪಾರ ಇಳಿಯತೊಡಗಿದ ಮೇಲೆ ಆ ಸಂಘ ತಿಂಡಿ ಸಾಮಾನಿಗೆ, ಕೊಡೆಗೆ, ಕೊನೆಗೆ ಸಾಫ್ಟ್‌ವೇರಿಗೂ ಕೈ ಹಾಕಿತು. ಬೀಡಿಯಿಂದ ಕಂಪ್ಯೂಟರಿಗೆ ಹೋಗುವ ದಾರಿ ನಮ್ಮ ಹುಡುಗಿಯ ಮನೆಯಲ್ಲಿ ಮಾತ್ರ ಅಲ್ಲ, ಇಡೀ ಒಂದು ಸಂಘದ ಕಥೆಯಲ್ಲೂ ಉಂಟು.

ಅಲ್ಲಿಯ ಬೀಡಿ ಕಂಪೆನಿಗಳಲ್ಲಿ ಮತ್ತೊಂದು ಪದ್ಧತಿ ಇತ್ತು. ಒಬ್ಬರು ಗಟ್ಟಿಯಾಗಿ ಪತ್ರಿಕೆ ಓದುವುದು, ಉಳಿದವರು ಕೇಳುತ್ತಾ ಕಟ್ಟುವುದು. ಓದುವವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿಕೊಡುತ್ತಿದ್ದರು. ಓದಿನ ರುಚಿ ಹತ್ತಿದವರು ಲೆಕ್ಕವನ್ನೂ ಕೇಳತೊಡಗಿದರು. ನಮ್ಮ ಕಡೆ ಮನೆಮನೆಯಲ್ಲಿ ಒಂಟಿಯಾಗಿ ಕಟ್ಟುತ್ತಿದ್ದ ಹೆಂಗಸರಿಗೆ ಆ ಭಾಗ್ಯ ಇರಲಿಲ್ಲ. ಅವರಿಗೆ ಓದಿ ಹೇಳುತ್ತಿದ್ದದ್ದು ಶಾಲೆಗೆ ಹೋಗುವ ಮಕ್ಕಳು. ನಾನು ಮೂರನೇ ತರಗತಿಗೆ ಕೂಡಿಸುವ ಲೆಕ್ಕ ಕಲಿಸುತ್ತಿದ್ದಾಗ ಕೆಲವು ಮಕ್ಕಳು ಅಮ್ಮನ ಬೀಡಿ ಪುಸ್ತಕವನ್ನೇ ತರುತ್ತಿದ್ದರು. "ಇಲ್ಲಿ ಎರಡು ದಿನದ್ದು ಬಿಟ್ಟುಹೋಗಿದೆ ಸಾರ್" ಎಂದು ಒಬ್ಬ ಹುಡುಗ ತೋರಿಸಿದ್ದು ಇವತ್ತಿಗೂ ನೆನಪುಂಟು. ಮರುದಿನ ಅವನ ಅಮ್ಮ ಬ್ರಾಂಚಿಗೆ ಹೋಗಿ ಆ ಎರಡು ದಿನದ್ದನ್ನು ಬರೆಸಿಕೊಂಡು ಬಂದರು.

ಮೇಲಿನಿಂದ ನೋಡಿದವರ ಪಟ

ಈಗ ಮಗಳ ಬೋರ್ಡಿಗೆ ಬರುವ. ಅದರ ಮೂಲ ಕಂಪ್ಯೂಟರಿನಲ್ಲಿ ಇಲ್ಲ, ಕಾರ್ಖಾನೆಯಲ್ಲಿ ಉಂಟು.

ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ ಹುಟ್ಟಿದ್ದು 1861ರಲ್ಲಿ, ತೀರಿಕೊಂಡದ್ದು 1919ರಲ್ಲಿ. ಉಕ್ಕು ಮತ್ತು ಯಂತ್ರದ ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಾ ಅವನು ಒಂದು ತರಹದ ಪಟ ಬರೆಯತೊಡಗಿದ. ಮೇಲೆ ಸಾಲಾಗಿ ದಿನಗಳು, ಎಡಗಡೆ ಹೆಸರುಗಳು, ನಡುವೆ ಅಡ್ಡಗೆರೆ. ಅವನ ಮೊದಲಿನ ಪಟಗಳಲ್ಲಿ ಪ್ರತಿ ಕೆಲಸಗಾರನ ಹೆಸರಿನ ಮುಂದೆ ದಿನಕ್ಕೊಂದು ಗುರುತು: ಹೇಳಿದಷ್ಟು ಕೆಲಸ ಮುಗಿಸಿ ಬೋನಸ್ ಗಳಿಸಿದ ದಿನ ಕಪ್ಪು, ಗಳಿಸದ ದಿನ ಕೆಂಪು. ಮೇಸ್ತ್ರಿ ಒಮ್ಮೆ ಕಣ್ಣಾಡಿಸಿದರೆ ಯಾರದು ಎಲ್ಲಿಗಾಯಿತು ಎಂದು ತಿಳಿಯುತ್ತಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕ ಸರಕಾರದ ಶಸ್ತ್ರಾಸ್ತ್ರ ಮತ್ತು ಹಡಗಿನ ಕೆಲಸಕ್ಕೂ ಇಂಥ ಪಟಗಳು ಹೋದವು. ಇವತ್ತಿಗೂ ಅದಕ್ಕೆ ಗ್ಯಾಂಟ್ ಚಾರ್ಟ್ ಎಂದೇ ಹೆಸರು. ನ್ಯಾಯವಾಗಿ ಹೇಳಬೇಕಾದರೆ ಪೋಲೆಂಡಿನ ಕರೋಲ್ ಆದಾಮಿಯೆಟ್ಸ್ಕಿ ಎಂಬ ಎಂಜಿನಿಯರ್ 1896ರಷ್ಟು ಹಿಂದೆಯೇ ಹೆಚ್ಚುಕಡಿಮೆ ಇದೇ ತರಹದ ಪಟ ಮಾಡಿದ್ದ. ಅವನ ಬರಹ ಇಂಗ್ಲಿಷಿನಲ್ಲಿ ಇಲ್ಲದ್ದರಿಂದ ಹೆಸರು ಮತ್ತೊಬ್ಬನಿಗೆ ಹೋಯಿತು. ನಮ್ಮಂಥ ಗಡಿನಾಡಿನವರಿಗೆ ಇದು ಹೊಸ ಸಂಗತಿಯೇನಲ್ಲ.

ಐವತ್ತರ ದಶಕಕ್ಕೆ ಕೆಲಸಗಳು ಇನ್ನೂ ದೊಡ್ಡದಾದವು. 1957ರಲ್ಲಿ ಡ್ಯುಪಾಂಟ್ ಎಂಬ ರಾಸಾಯನಿಕ ಕಂಪೆನಿಯಲ್ಲಿ, ಯಾವ ಕೆಲಸ ತಡವಾದರೆ ಇಡೀ ಯೋಜನೆಯೇ ತಡವಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ದಾರಿ ಕಂಡುಹಿಡಿದರು. ಮರುವರ್ಷವೇ ಅಮೆರಿಕದ ನೌಕಾಪಡೆ ಪೊಲಾರಿಸ್ ಎಂಬ ಕ್ಷಿಪಣಿಗಾಗಿ 'ಪರ್ಟ್' ಎಂಬ ಪದ್ಧತಿ ತಂದಿತು. ಇದನ್ನು ನಮ್ಮ ಮದುವೆ ಮನೆಗೆ ಹೋಲಿಸಿ ನೋಡಿ. ಚಪ್ಪರ ಏಳದೆ ದೀಪ ಕಟ್ಟುವಂತಿಲ್ಲ, ಆದರೆ ತರಕಾರಿ ಹಚ್ಚುವುದಕ್ಕೆ ಚಪ್ಪರ ಕಾಯಬೇಕೆಂದಿಲ್ಲ. ಯಾವುದು ಯಾವುದಕ್ಕೆ ಕಾಯಬೇಕು ಎಂದು ಗೆರೆ ಎಳೆದು ತೋರಿಸುವುದೇ ಪರ್ಟ್.

ಈ ಕಥೆಯಲ್ಲಿ ನಮಗೆ ಬೇಕಾದ ಸಂಗತಿ ಬೇರೆಯೇ ಉಂಟು. ಪೊಲಾರಿಸ್ ಕೆಲಸ ಮಾಡಿದ್ದು ನೌಕಾಪಡೆ ಒಂದೇ ಅಲ್ಲ, ಅದರ ಕೈಕೆಳಗಿನ ಲೆಕ್ಕವಿಲ್ಲದಷ್ಟು ಗುತ್ತಿಗೆದಾರರು. 1962ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೂ ನಾಸಾವೂ ಸೇರಿ, ಪರ್ಟ್ ಪದ್ಧತಿಯಲ್ಲಿ ಖರ್ಚಿನ ಲೆಕ್ಕ ಹೇಗೆ ಕೊಡಬೇಕೆಂದು ಒಂದು ಕೈಪಿಡಿಯನ್ನೇ ಹೊರಡಿಸಿದವು. ಗುತ್ತಿಗೆ ಬೇಕಾದರೆ ಕೊಡುವವನ ಪಟ ಓದಲು ಕಲಿ ಎಂದಾಯಿತು. ಹಾರ್ವಿ ಸಪೋಲ್ಸ್ಕಿ ಎಂಬ ವಿದ್ವಾಂಸ ಪೊಲಾರಿಸ್ ಬಗ್ಗೆ 1972ರಲ್ಲಿ ಪುಸ್ತಕ ಬರೆದ. ಈ ಪಟಗಳಿಂದ ಕೆಲಸ ಸುಲಭವಾಯಿತು ಎನ್ನುವುದಕ್ಕಿಂತ, ಹೊರಗಿನವರಿಗೆ 'ಇಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿದೆ' ಎಂಬ ನಂಬಿಕೆ ಹುಟ್ಟಿತು ಎಂಬುದು ಅವನ ವಾದ. ಪುಸ್ತಕ ಕೆಲಸಕ್ಕಾಗಿ ಎಷ್ಟೋ, ಕಾಣಿಸುವುದಕ್ಕಾಗಿಯೂ ಅಷ್ಟೇ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

1984ರಲ್ಲಿ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಎಂಬ ಸಾಫ್ಟ್‌ವೇರ್ ಬಂತು. ಗೋಡೆಯ ಪಟ ಮೇಜಿನ ಮೇಲಿನ ಕಂಪ್ಯೂಟರಿಗೆ ಇಳಿಯಿತು. ಆದರೂ ಅದನ್ನು ನೋಡುತ್ತಿದ್ದದ್ದು ಮೇಲಿನವನೇ. ಕೆಲಸ ಮಾಡುವವನ ಹೆಸರು ಪಟದಲ್ಲಿ ಇತ್ತು, ಪಟದ ಬೀಗ ಅವನ ಕೈಯಲ್ಲಿ ಇರಲಿಲ್ಲ.

ಕೆಲಸದ ನಡುವೆ ಹುಟ್ಟಿದ ಚೀಟಿ

ಮತ್ತೊಂದು ದಾರಿ ಜಪಾನಿನಿಂದ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಟೊಯೋಟಾ ಕಾರು ಕಂಪೆನಿಯ ತಾಯಿಚಿ ಓನೊ ಎಂಬವರು ಹೊಸ ಕ್ರಮ ತಂದರು. ಅದರ ಹೆಸರು ಕಾನ್ಬಾನ್. ಜಪಾನಿ ಮಾತಿನಲ್ಲಿ ಹಾಗೆಂದರೆ ಫಲಕ. ನಮಗೆ ಗ್ಯಾಸಿನ ಸಿಲಿಂಡರ್ ಗೊತ್ತಲ್ಲ. ಖಾಲಿ ಸಿಲಿಂಡರ್ ಹೊರಗೆ ಬಂದರೆ ತುಂಬಿದ್ದು ಒಳಗೆ ಬರುತ್ತದೆ. ಕಾನ್ಬಾನ್ ಕೂಡ ಹಾಗೆಯೇ. ಬಿಡಿಭಾಗದ ಪೆಟ್ಟಿಗೆಯ ಜೊತೆ ಒಂದು ಚೀಟಿ. ಮುಂದಿನವನು ಸಾಮಾನು ತೆಗೆದುಕೊಂಡ ಮೇಲೆ ಚೀಟಿ ಹಿಂದಿನವನಿಗೆ ತಿರುಗಿ ಬರುತ್ತದೆ. ಚೀಟಿ ಬಂದರೆ ಮಾತ್ರ ಹೊಸದು ಮಾಡುವುದು. ಯಾರೂ ಕೂಗಿ ಹೇಳಬೇಕಾಗಿಲ್ಲ, ಚೀಟಿಯೇ ಮಾತಾಡುತ್ತದೆ.

ಸಾಫ್ಟ್‌ವೇರ್ ಬರೆಯುವವರಿಗೆ ಈ ಚೀಟಿ ಹಿಡಿಸಿತು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಒಂದು ಬೆಟ್ಟದೂರಿನಲ್ಲಿ 17 ಮಂದಿ ಸೇರಿ, ವರ್ಷಗಟ್ಟಲೆಯ ದೊಡ್ಡ ಪಟಗಳಿಗಿಂತ ಸಣ್ಣ ಸಣ್ಣ ತುಂಡಾಗಿ ಕೆಲಸ ಮಾಡಿ ಆಗಾಗ ತೋರಿಸುವುದೇ ಒಳ್ಳೆಯದು ಎಂಬ ಅರ್ಥದ ಒಂದು ಹೇಳಿಕೆ ಹೊರಡಿಸಿದರು. ಆ ಪದ್ಧತಿಗೆ ಅಜೈಲ್ ಎಂದು ಹೆಸರಾಯಿತು. ಮರುವರ್ಷ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಅಟ್ಲಾಸಿಯನ್ ಎಂಬ ಕಂಪೆನಿ 'ಜೀರಾ' ಎಂಬ ಸಾಫ್ಟ್‌ವೇರ್ ತಂದಿತು. ಜೀರಾ ಎಂದ ಕೂಡಲೇ ನಮಗೆ ಜೀರಿಗೆ ನೆನಪಾಗುವುದು ಸಹಜ. ಆದರೆ ಅದು ಗೊಜಿರಾ, ಅಂದರೆ ಜಪಾನಿ ಸಿನೆಮಾದ ಗಾಡ್ಜಿಲ್ಲಾ ರಾಕ್ಷಸನ ಹೆಸರಿನ ತುಂಡು. ಸಾಫ್ಟ್‌ವೇರಿನ ದೋಷಗಳನ್ನು ಪಟ್ಟಿಮಾಡಲು ಹುಟ್ಟಿದ್ದು, ಆಮೇಲೆ ಎಲ್ಲ ಕೆಲಸಕ್ಕೂ ಬಂತು.

2011ರಲ್ಲಿ ನ್ಯೂಯಾರ್ಕಿನ ಒಂದು ಸಣ್ಣ ಕಂಪೆನಿ 'ಟ್ರೆಲ್ಲೊ' ತಂದಾಗ ವಿಷಯ ಇನ್ನೂ ಸರಳವಾಯಿತು. ಪರದೆಯ ಮೇಲೆ ಮೂರು ಸಾಲು: ಮಾಡಬೇಕಾದದ್ದು, ಮಾಡುತ್ತಿರುವುದು, ಆದದ್ದು. ಚೀಟಿಯನ್ನು ಬೆರಳಿನಿಂದ ಎಳೆದು ಆಚೆ ಹಾಕಿದರೆ ಮುಗಿಯಿತು. 2017ರಲ್ಲಿ ಅದನ್ನು ಜೀರಾದ ಕಂಪೆನಿಯೇ 42 ಕೋಟಿ 50 ಲಕ್ಷ ಡಾಲರಿಗೆ ಕೊಂಡಿತು. 2008ರಲ್ಲಿ ಹುಟ್ಟಿದ ಮತ್ತೊಂದು ಕಂಪೆನಿಯ ಹೆಸರು ನಮ್ಮದೇ ಶಬ್ದ: ಆಸನ. ಫೇಸ್‌ಬುಕ್ ಕಟ್ಟಿದವರಲ್ಲಿ ಒಬ್ಬರಾದ ಡಸ್ಟಿನ್ ಮಾಸ್ಕೊವಿಟ್ಸ್ ಅದನ್ನು ಶುರುಮಾಡಿದವರಲ್ಲಿ ಒಬ್ಬರು. ಯೋಗಾಸನದಿಂದ ಹೆಸರು ತೆಗೆದುಕೊಂಡರಂತೆ. ಹೊರದೇಶದವರೇ ಮಾಡಬೇಕೆಂದೂ ಇಲ್ಲ. ಚೆನ್ನೈಯ ಜೋಹೋ ಕಂಪೆನಿಯದೂ ಇಂಥದೊಂದು ಉಂಟು. ಆ ಕಂಪೆನಿಯ ಒಂದು ಕಚೇರಿ ತೆಂಕಾಸಿಯ ಹತ್ತಿರದ ಹಳ್ಳಿಯಲ್ಲಿದೆ.

ಹೊರಗಿನವರಿಗೆ ತೆರೆದ ಬಾಗಿಲು

ಇಲ್ಲಿವರೆಗಿನದು ಒಂದೇ ಮಾಡಿನಡಿ ಕೆಲಸ ಮಾಡುವವರ ಕಥೆ. ನಮ್ಮ ಹುಡುಗಿಯಂಥವರು ಯಾವ ಮಾಡಿನಡಿಯವರೂ ಅಲ್ಲ. ಅವರನ್ನು ಇಂಗ್ಲಿಷಿನಲ್ಲಿ ಫ್ರೀಲಾನ್ಸರ್ ಎನ್ನುತ್ತಾರೆ. ಲಾನ್ಸ್ ಎಂದರೆ ಈಟಿ. ವಾಲ್ಟರ್ ಸ್ಕಾಟನ 'ಐವನ್ಹೊ' ಕಾದಂಬರಿಯಲ್ಲಿ ಈ ಶಬ್ದ ಬರುತ್ತದೆ. ಯಾವ ಅರಸನಿಗೂ ಕಟ್ಟುಬೀಳದೆ ಹಣ ಕೊಟ್ಟವರ ಪರವಾಗಿ ಈಟಿ ಹಿಡಿಯುವ ಕೂಲಿ ಸೈನಿಕ ಎಂದು ಅರ್ಥ. ಅರಸ ಬದಲಾದರೆ ಪಾಳೆಯದ ಕಟ್ಟಳೆಯೂ ಬದಲು. ಮೂವರು ಅರಸರಿದ್ದರೆ ಮೂರು ಕಟ್ಟಳೆ ಕಲಿಯಬೇಕು.

2004ರಲ್ಲಿ ಷಿಕಾಗೋದ ಒಂದು ವೆಬ್ ವಿನ್ಯಾಸದ ಕಂಪೆನಿ 'ಬೇಸ್‌ಕ್ಯಾಂಪ್' ತಂದಿತು. ಗಿರಾಕಿಗಳ ಕೆಲಸ ಮಿಂಚಂಚೆಯ ರಾಶಿಯಲ್ಲಿ ಕಳೆದುಹೋಗುತ್ತಿದೆ ಎಂದು ತಮಗಾಗಿಯೇ ಮಾಡಿಕೊಂಡದ್ದು. ಕೆಲಸ ಕೊಟ್ಟವರೂ ಮಾಡುವವರೂ ಒಂದೇ ಪುಟವನ್ನು ನೋಡುವ ಅನುಕೂಲ ಅದರಲ್ಲಿ ಇತ್ತು. ಬ್ರಾಂಚಿನ ಪುಸ್ತಕ, ಕೈಯ ಪುಸ್ತಕ ಎಂಬ ಎರಡು ಹೋಗಿ ಒಂದೇ ಆಯಿತು ಎನ್ನಬಹುದು.

ಒಂದೇ ಪುಸ್ತಕ ಆದರೆ ಒಳ್ಳೆಯದಲ್ಲವೇ? ಒಳ್ಳೆಯದೇ. ಆದರೆ ಆ ಒಂದು ಪುಸ್ತಕ ಯಾರ ಮನೆಯಲ್ಲಿದೆ ಎಂದು ಕೇಳಬೇಕು.

2003ರಲ್ಲಿ ಗ್ರೀಸಿನ ಇಬ್ಬರು ಗೆಳೆಯರು ಓಡೆಸ್ಕ್ ಎಂಬ ಕಂಪೆನಿ ಕಟ್ಟಿದರು. ಒಬ್ಬ ಅಮೆರಿಕದಲ್ಲಿ, ಮತ್ತೊಬ್ಬ ಅಥೆನ್ಸಿನಲ್ಲಿ. ದೂರದವನು ಕೆಲಸ ಮಾಡುತ್ತಿದ್ದಾನೆ ಎಂದು ನಂಬುವುದು ಹೇಗೆ ಎಂಬುದೇ ಅವರ ಪ್ರಶ್ನೆ. ಗಂಟೆಯ ಲೆಕ್ಕದ ಕೆಲಸಕ್ಕೆ ಅಲ್ಲಿ ಬಂದ ಉತ್ತರ ಒಂದು ದಿನಚರಿ. ಮಾಡುವವನ ಪರದೆಯ ಚಿತ್ರವನ್ನು ಕಂಪ್ಯೂಟರೇ ಹತ್ತು ಹತ್ತು ನಿಮಿಷಕ್ಕೆ ಒಮ್ಮೆಯಂತೆ ತೆಗೆದು ಕೊಡುವವನಿಗೆ ತೋರಿಸುತ್ತದೆ. ಆ ಕಂಪೆನಿ ಮತ್ತೊಂದರ ಜೊತೆ ಸೇರಿ 2015ರಲ್ಲಿ ಅಪ್‌ವರ್ಕ್ ಎಂದಾಯಿತು. ದಿನಚರಿ ಉಳಿಯಿತು. ಗ್ಯಾಂಟನ ಮೇಸ್ತ್ರಿ ದಿನಕ್ಕೊಂದು ಕಪ್ಪು ಗುರುತು ನೋಡುತ್ತಿದ್ದ. ಇಲ್ಲಿ ಗಂಟೆಗೆ ಆರು ಚಿತ್ರ. ಇದರಲ್ಲಿ ಮಾಡುವವನಿಗೂ ಒಂದು ಲಾಭ ಇಲ್ಲವೆಂದಲ್ಲ. ದಿನಚರಿ ಸರಿಯಾಗಿ ತುಂಬಿದ್ದರೆ 'ನೀನು ಕೆಲಸವೇ ಮಾಡಿಲ್ಲ' ಎನ್ನುವಂತಿಲ್ಲ. ಆದರೆ ಆ ನಿಯಮ ಗೊತ್ತಿದ್ದವನಿಗೆ ಮಾತ್ರ ಆ ಲಾಭ.

ನಮ್ಮ ದೇಶದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಧಣಿ-ಆಳು ಎಂಬ ಹಳೆಯ ಸಂಬಂಧದ ಹೊರಗೆ ದುಡಿಯುವವರಿಗೆ ಗಿಗ್ ಕೆಲಸಗಾರರು ಎಂಬ ಹೆಸರು ಕೊಟ್ಟಿದ್ದಾರೆ. 1966ರಲ್ಲಿ ಬೀಡಿ ಕಟ್ಟುವವಳಿಗೆ ಸಿಕ್ಕಿದಂತೆ ಇವರಿಗೂ ಕಾನೂನಿನಲ್ಲಿ ಒಂದು ಹೆಸರು ಸಿಕ್ಕಿತು. ಆದರೆ ನಮ್ಮ ಚೀಟಿ ಯಾವ ಸಾಲಿನಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿಕೊಳ್ಳುವುದು ಕಾನೂನಿನ ಕೆಲಸ ಅಲ್ಲ, ನಮ್ಮದೇ.

ಐದು ಪ್ರಶ್ನೆ

ಆ ಸಂಜೆಯ ನಂತರ ನಾಲ್ಕು ಆದಿತ್ಯವಾರ ವಾಚನಾಲಯದಲ್ಲಿ ಆರೇಳು ಮಂದಿ ಸೇರಿದೆವು. ಅನುವಾದ ಮಾಡುವವಳು ಒಬ್ಬಳು, ಮದುವೆಯ ವಿಡಿಯೋ ಜೋಡಿಸಿಕೊಡುವ ಹುಡುಗ, ಕೊಲ್ಲಿಯ ಅಂಗಡಿಗಳಿಗೆ ಲೆಕ್ಕ ಬರೆಯುವವನು, ಪುಸ್ತಕದ ಮುಖಪುಟ ಬರೆಯುವವನು. ಅವರು ಸಾಫ್ಟ್‌ವೇರ್ ತೋರಿಸಿದರು, ನಾನು ಕಪ್ಪು ಹಲಗೆಯಲ್ಲಿ ಗೆರೆ ಎಳೆದೆ. ಮೊದಲ ವಾರ ಎಲ್ಲರಿಗೂ ಗೊಂದಲ. ಒಂದು ಕಡೆ ಅದಕ್ಕೆ ಕಾರ್ಡ್ ಎನ್ನುತ್ತಾರೆ, ಮತ್ತೊಂದು ಕಡೆ ಟಾಸ್ಕ್, ಜೀರಾದಲ್ಲಿ ಬಹುಕಾಲ ಇಶ್ಯೂ ಎಂದಿತ್ತು. ಎರಡನೇ ವಾರ ಒಂದು ಸಂಗತಿ ಕಾಣಿಸಿತು. ಹೆಸರು ಏನೇ ಇರಲಿ, ಎಲ್ಲವೂ ಕೇಳುವುದು ಐದೇ ಪ್ರಶ್ನೆ. ಯಾವ ಕೆಲಸ? ಯಾರದು? ಯಾವಾಗಕ್ಕೆ? ಈಗ ಎಲ್ಲಿಗೆ ತಲುಪಿತು? ಆಯಿತು ಎಂದು ಹೇಳುವವರು ಯಾರು?

ಬೀಡಿ ಪುಸ್ತಕದಲ್ಲೂ ಇವೇ ಇದ್ದವು. ಐದನೆಯದಕ್ಕೆ ಅಲ್ಲಿ ಚೆಕ್ಕರ್ ಎಂದು ಹೆಸರು.

ಐದು ಪ್ರಶ್ನೆಗೆ ಉತ್ತರ ಪರದೆಯ ಯಾವ ಮೂಲೆಯಲ್ಲಿದೆ ಎಂದು ಹುಡುಕಿಕೊಂಡರೆ ಹೊಸ ಸಾಫ್ಟ್‌ವೇರ್ ಒಂದು ಸಂಜೆಯ ಕೆಲಸ. ಆಮೇಲೆ ಸಣ್ಣ ಸಣ್ಣ ವ್ಯತ್ಯಾಸ ಮಾತ್ರ. ಟ್ರೆಲ್ಲೊದಲ್ಲಿ ಒಂದು ಚೀಟಿಗೆ ನಾಲ್ಕು ಜನರ ಹೆಸರು ಹಾಕಬಹುದು, ಆಸನದಲ್ಲಿ ಒಂದು ಕೆಲಸಕ್ಕೆ ಒಬ್ಬರೇ ಹೊಣೆ. ಜೀರಾದಲ್ಲಿ ಚೀಟಿಯನ್ನು ಬೇಕಾದಲ್ಲಿಗೆ ಎಳೆಯಲು ಆಗದಿರಬಹುದು, ಯಾವುದರ ನಂತರ ಯಾವುದು ಎಂದು ಧಣಿಯ ಕಡೆಯವರು ಮೊದಲೇ ಕಟ್ಟುಮಾಡಿರುತ್ತಾರೆ. ಈ ಮೂರಕ್ಕೂ ಸಣ್ಣ ತಂಡದವರು ಹಣ ಕೊಡದೆ ಬಳಸುವ ವ್ಯವಸ್ಥೆ ಉಂಟು. ಹಾಗಾಗಿ ಗಿರಾಕಿಯ ಬೋರ್ಡಿನಲ್ಲಿ ಕೈ ತಪ್ಪಿಸುವ ಬದಲು ನಮ್ಮದೇ ಬೋರ್ಡು ಮಾಡಿ, 'ಹಪ್ಪಳದ ಕೆಲಸ', 'ಜಾತ್ರೆಯ ಕೆಲಸ' ಎಂದು ಚೀಟಿ ಹಾಕಿ ಅಭ್ಯಾಸ ಮಾಡಿದೆವು. ವಿಡಿಯೋ ಹುಡುಗ ಹಪ್ಪಳವನ್ನು ಒಣಗಿಸುವ ಮೊದಲೇ 'ಆಯಿತು' ಸಾಲಿಗೆ ಎಳೆದು ಎಲ್ಲರ ನಗೆಗೆ ಗುರಿಯಾದ.

ಮೂರನೇ ವಾರ ನಾವು ಮಾತಾಡಿದ್ದು ಕೇಳುವುದರ ಬಗ್ಗೆ. ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳಬೇಕು. ಮುಗಿದದ್ದನ್ನು ಎಲ್ಲಿ ಗುರುತು ಮಾಡಬೇಕು? ಒಪ್ಪುವವರು ಯಾರು, ಎಷ್ಟು ದಿನದಲ್ಲಿ? ತಿದ್ದುಪಡಿ ಎಷ್ಟು ಸಲ? ಕೆಲಸ ಮುಗಿದ ಮೇಲೆ ನನಗೆ ಈ ಬಾಗಿಲು ತೆರೆದಿರುತ್ತದಾ? ಕೊನೆಯದು ತುಂಬಾ ಮುಖ್ಯ. ಗಿರಾಕಿಯ ಬೋರ್ಡಿಗೆ ನಾವು ನೆಂಟರಾಗಿ ಹೋಗುವುದು. ಕೆಲಸ ಆದ ಮೇಲೆ ನಮ್ಮ ಹೆಸರನ್ನು ಅವರು ತೆಗೆದರೆ, 'ಇದನ್ನೂ ಸೇರಿಸಿ, ಹಣ ಕೊಡುತ್ತೇವೆ' ಎಂದು ಅಲ್ಲಿ ಬರೆದದ್ದೆಲ್ಲ ನಮಗೆ ಕಾಣುವುದಿಲ್ಲ. ಕಟ್ಟುವವಳ ಕೈಯಲ್ಲಿ ತನ್ನದೇ ಒಂದು ಪುಸ್ತಕ ಇತ್ತು. ಇವರ ಕೈಯಲ್ಲಿ ಅದೂ ಇಲ್ಲ.

ಆದ್ದರಿಂದ ನಾಲ್ಕನೇ ವಾರ ಎಲ್ಲರೂ ಒಂದೊಂದು ನೋಟ್‌ಬುಕ್ ತಂದರು. ನೂರು ಪುಟದ್ದು, ಶಾಲೆಯ ಮಕ್ಕಳದೇ. ಐದು ಪ್ರಶ್ನೆಗೆ ಐದು ಸಾಲು. ಆರನೆಯದೊಂದು ಸೇರಿಸಿದೆವು: ಹಣ ಬಂದ ದಿನ. ಏಳನೆಯದನ್ನು ಸೇರಿಸಿದ್ದು ಲೆಕ್ಕ ಬರೆಯುವ ಹುಡುಗ: ಕಲಿಯುವುದಕ್ಕೆ ಹೋದ ಗಂಟೆ. "ಅವರ ಸಾಫ್ಟ್‌ವೇರ್ ಕಲಿಯಲು ನನ್ನ ಎರಡು ದಿನ ಹೋಗುತ್ತದೆ. ಅದನ್ನು ಯಾರು ಕೊಡುವುದು?" ಎಂದು ಕೇಳಿದ. ನ್ಯಾಯವಾದ ಮಾತು. ಕೊಡುವವರು ಕಡಿಮೆ. ಆದರೆ ಬರೆದಿಟ್ಟರೆ ಮುಂದಿನ ಸಲ ದರ ಹೇಳುವಾಗ ಸೇರಿಸಬಹುದು.

ಸಾಫ್ಟ್‌ವೇರ್ ಬದಲಾಗುತ್ತಾ ಇರುತ್ತದೆ. ಇವತ್ತು ನಾನು ಇಲ್ಲಿ ಬರೆದ ಹೆಸರುಗಳಲ್ಲಿ ಕೆಲವು ಹತ್ತು ವರ್ಷದಲ್ಲಿ ಇರಲಿಕ್ಕಿಲ್ಲ. ಗ್ಯಾಂಟನ ಕಾಲದಿಂದ ನೂರು ವರ್ಷದಲ್ಲಿ ಪಟ ಹಲಗೆಯಾಯಿತು, ಹಲಗೆ ಪರದೆಯಾಯಿತು. ಕೊಡುವವರ ಪುಸ್ತಕವನ್ನು ಮಾಡುವವರು ಕಲಿಯಬೇಕಾದದ್ದು ಮಾತ್ರ ಹಾಗೆಯೇ ಉಳಿಯಿತು. ಕಲಿಯಲೇಬೇಕು, ಅದರಲ್ಲಿ ನಾಚಿಕೆ ಏನಿಲ್ಲ. ಓದಲು ಬಂದವನಿಗೆ 'ಇಲ್ಲಿ ಎರಡು ದಿನದ್ದು ಬಿಟ್ಟುಹೋಗಿದೆ' ಎಂದು ತೋರಿಸಲು ಆಗುತ್ತದೆ. ಬಾರದವನು ಹೇಳಿದ್ದನ್ನು ಕೇಳಿಕೊಂಡು ಬರಬೇಕು.

ಹುಡುಗಿಯ ಹಣದ ಸುದ್ದಿ ಹೇಳಲು ಮರೆತೆ. ಆ ಸಂಜೆ ಇಲ್ಲೇ ಕೂತು ಚೀಟಿಯನ್ನು ಎಳೆದು ಸರಿಯಾದ ಸಾಲಿಗೆ ಹಾಕಿದಳು, ಕೆಳಗೆ ಕಳುಹಿಸಿದ ತಾರೀಕನ್ನೂ ಬರೆದಳು. ಮೂರನೇ ವಾರದಲ್ಲಿ ಹಣ ಬಂತು. ಅವಳ ಅಮ್ಮ ತಮ್ಮ ಹಳೆಯ ಬೀಡಿ ಪುಸ್ತಕಗಳನ್ನು ಇನ್ನೂ ಟ್ರಂಕಿನಲ್ಲಿ ಕಟ್ಟಿ ಇಟ್ಟಿದ್ದಾರೆ. ಈಗ ಅದರ ಮೇಲೆ ಮಗಳ ನೋಟ್‌ಬುಕ್ಕೂ ಕೂತಿದೆಯಂತೆ.

ಆದಿತ್ಯವಾರ ಮೂರು ಗಂಟೆಗೆ ವಾಚನಾಲಯ ತೆರೆದಿರುತ್ತದೆ. ಇಂಥ ಕೆಲಸ ಮಾಡುವ ಮಕ್ಕಳು ಮನೆಯಲ್ಲಿದ್ದರೆ ಕಳುಹಿಸಿ. ಬರುವಾಗ ಒಂದು ನೋಟ್‌ಬುಕ್ ತರಲಿ. ಹಳೆಯ ಬೀಡಿ ಪುಸ್ತಕ ಇದ್ದವರು ಅದನ್ನೂ ತಂದರೆ ಒಳ್ಳೆಯದು, ನೋಡಿ ತಿರುಗಿ ಕೊಡುತ್ತೇವೆ.